ಪಟ್ಟಿಯಲ್ಲಿಲ್ಲದ ಡಂಕ್

ಅಮಸಿದ್ದನ ಎತ್ತರ ಆರು ಅಡಿ ನಾಲ್ಕು ಅಂಗುಲ. ಅವನ ಅಪ್ಪ ಅವ್ವ ಇಂಡಿ ತಾಲೂಕಿನಿಂದ ಗಾರೆ ಕೆಲಸಕ್ಕೆಂದು ನಾಸಿಕಕ್ಕೆ ಬಂದವರು. ಅವರು ಕಾಲೇಜೊಂದರ ಹಾಸ್ಟೆಲ್ ಕಟ್ಟುತ್ತಿದ್ದಾಗ ಅಮಸಿದ್ದನೂ ರಜೆಯಲ್ಲಿ ಹೋಗಿ, ನೆಲದ ಮೇಲೆ ನಿಂತೇ ಕಾಂಕ್ರೀಟಿನ ಬುಟ್ಟಿಗಳನ್ನು ಸ್ಲ್ಯಾಬಿನ ಮೇಲಿದ್ದವರ ಕೈಗೆ ಎತ್ತಿಕೊಡುತ್ತಿದ್ದ. ಅದನ್ನು ಕಂಡ ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್, ಹನ್ನೆರಡನೇ ತರಗತಿ ಪಾಸಾಗು, ಕ್ರೀಡಾ ಕೋಟಾದಲ್ಲಿ ಸೀಟು ಕೊಡಿಸುತ್ತೇನೆ ಎಂದರು. ಹೇಳಿದಂತೆ ಕೊಡಿಸಿದರು. ಮೂರು ವರ್ಷ ಆಡಿದ ಅಮಸಿದ್ದ ಈಗ ನಾಸಿಕದ ಸಾತಪುರದ ಕಾರ್ಖಾನೆಯೊಂದರಲ್ಲಿ ಲೇಥ್ ಯಂತ್ರ ನಡೆಸುತ್ತಾನೆ. ವಯಸ್ಸು ಮೂವತ್ತಾರು. ಮೆಟ್ಟಿಲು ಹತ್ತಿದರೆ ಬಲ ಮೊಣಕಾಲು ಕಟಕಟ ಎನ್ನುತ್ತದೆ.

ಈ ವರ್ಷ ಕಾಲೇಜಿನ ತಂಡಕ್ಕೆ ಐವತ್ತು ವರ್ಷ ತುಂಬಿತು. ಹಳೆಯ ಆಟಗಾರರ ವಾಟ್ಸ್ಯಾಪ್ ಗುಂಪಿನಲ್ಲಿ ಜಯಂತ್ ಒಂದು ಪ್ರಶ್ನೆ ಹಾಕಿದ. ಅಮಸಿದ್ದ ಆಡುತ್ತಿದ್ದಾಗ ಜಯಂತನೇ ನಾಯಕ. ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯೊಬ್ಬರ ಮಗ. ಅವನ ಪ್ರಶ್ನೆ ಇದು: ನಮ್ಮ ತಂಡದ ಚರಿತ್ರೆಯಲ್ಲಿ ಪಂದ್ಯದ ನಡುವೆ ಅತ್ಯುತ್ತಮ ಡಂಕ್ ಹೊಡೆದವರು ಯಾರು? ರಿಂಗಿನ ಎತ್ತರಕ್ಕೆ ಹಾರಿ ಚೆಂಡನ್ನು ಕೈಯಾರೆ ಒಳಗೆ ತುರುಕಿದ್ದು ಮಾತ್ರ ಲೆಕ್ಕ, ಅಭ್ಯಾಸದಲ್ಲಿ ಮಾಡಿದ್ದು ಲೆಕ್ಕಕ್ಕಿಲ್ಲ. ಕೆಳಗೆ ಮತ ಹಾಕಲು ಐದು ಹೆಸರುಗಳಿದ್ದವು. ಮೊದಲನೆಯದು ಜಯಂತನದೇ, ಜೊತೆಗೊಂದು ವಿಡಿಯೊ. ಎರಡನೆಯವನು ನಿಫಾಡಿನ ದ್ರಾಕ್ಷಿ ಬೆಳೆಗಾರರ ಮನೆಯ ರವಿಕಾಂತ.

ಅಮಸಿದ್ದ ಚಹಾದ ಹೊತ್ತಿನಲ್ಲಿ ಪಟ್ಟಿಯನ್ನು ಎರಡು ಸಲ ಓದಿದ. ಅವನ ಹೆಸರಿರಲಿಲ್ಲ.

ಹದಿನಾರು ವರ್ಷದ ಹಿಂದೆ, ಸಂಭಾಜಿನಗರವನ್ನು ಎಲ್ಲರೂ ಔರಂಗಾಬಾದ್ ಎನ್ನುತ್ತಿದ್ದ ಕಾಲದಲ್ಲಿ, ಅಲ್ಲಿನ ಟೂರ್ನಿಯೊಂದರಲ್ಲಿ ಅವನು ಡಂಕ್ ಹೊಡೆದಿದ್ದ. ಎದುರಾಳಿಗಳಿಬ್ಬರು ಅಡ್ಡ ಬಂದಿದ್ದರು. ಅವರ ತಲೆಯ ಮೇಲಿಂದ ಎರಡೂ ಕೈಯಲ್ಲಿ ಚೆಂಡನ್ನು ರಿಂಗಿಗೆ ತುರುಕಿದ್ದ. ಮೈದಾನವೆಲ್ಲ ಕೂಗಿತು, ಜೊತೆಯವರು ಓಡಿಬಂದು ತಬ್ಬಿಕೊಂಡರು. ಪಂದ್ಯವನ್ನು ಹದಿನಾಲ್ಕು ಅಂಕಗಳಿಂದ ಸೋತರು ಅನ್ನುವುದು ಬೇರೆ ಮಾತು.

ನನ್ನ ಔರಂಗಾಬಾದಿನ ಡಂಕ್ ಎಲ್ಲಿ ಎಂದು ಅವನು ಗುಂಪಿನಲ್ಲಿ ಕೇಳಿದ. ಕಿರಿಯ ಆಟಗಾರನೊಬ್ಬ ವಿಡಿಯೊ ಇದೆಯೇ ಎಂದ. ಇರಲಿಲ್ಲ. ಸ್ಕೋರ್‌ಶೀಟ್ ಇದ್ದರೂ ಪ್ರಯೋಜನವಿಲ್ಲ, ಡಂಕ್ ಹೊಡೆದರೂ ಅಷ್ಟೇ, ಹತ್ತಿರದಿಂದ ಎಸೆದರೂ ಅಷ್ಟೇ, ಅದರಲ್ಲಿ ಬರೀ ಎರಡಂಕ ಎಂದಿರುತ್ತದೆ ಎಂದು ಇನ್ನೊಬ್ಬ ಬರೆದ. ಅಂದು ಜೊತೆಗೆ ಆಡಿದವರು ಯಾರೂ ಬಾಯಿ ಬಿಡಲಿಲ್ಲ. ಅಮಸಿದ್ದ ಮೂರು ದಿನ ಬರೆದ, ಅಳಿಸಿದ, ಮತ್ತೆ ಬರೆದ. ಊಟಕ್ಕೆ ಕೂತರೂ ಫೋನು ಬಿಡದ ಗಂಡನನ್ನು ನೋಡಿ ದಾನಮ್ಮನಿಗೆ ಸಾಕಾಯಿತು.

“ನೀವು ಹೊಡದದ್ದು ಖರೇ ಅಂದ್ರ ಮುಗೀತಲ್ರಿ. ಅವ್ರು ಬರದ್ರೇನು, ಬಿಟ್ರೇನು?” ಎಂದಳು.

ಅವನು ಸಿಡುಕಿ ತಟ್ಟೆ ಸರಿಸಿ ಎದ್ದ.

ಅವನಿಗೆ ಒಬ್ಬ ಸಾಕ್ಷಿ ನೆನಪಿದ್ದರು. ಆ ಪಂದ್ಯದ ರೆಫರಿ ಮನ್ಮಥಪ್ಪ. ಉದಗೀರಿನ ಕಡೆಯವರು, ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಅಂದು ಅಮಸಿದ್ದ ಕನ್ನಡದಲ್ಲಿ ಬೈದುಕೊಂಡಾಗ, ಇಲ್ಲಿ ಕನ್ನಡ ಬಲ್ಲವರೂ ಇದ್ದಾರೆ ಎಂದು ಕನ್ನಡದಲ್ಲೇ ಗದರಿಸಿದ್ದರು. ಅವರಿವರನ್ನು ಕೇಳಿ ವಿಳಾಸ ಹಿಡಿದು, ರವಿವಾರ ಬೆಳಗಿನ ಸಂಭಾಜಿನಗರದ ಬಸ್ಸಿಗೆ ಹೊರಟ. ಐದು ತಾಸಿನ ದಾರಿಯಲ್ಲಿ ಕೂತಷ್ಟೂ ಅವನಿಗೆ ಜಯಂತನ ಮೇಲೆ ಸಿಟ್ಟು ಏರಿತು.

ಮನ್ಮಥಪ್ಪ ಅಲ್ಲಿನ ಗಾರಖೇಡಾ ಬಡಾವಣೆಯ ಮನೆಯ ವರಾಂಡದಲ್ಲೇ ಕೂತಿದ್ದರು. ಅವನ ಎತ್ತರ ಕಂಡೊಡನೆ ಗುರುತು ಹಿಡಿದರು. ಆ ಡಂಕ್ ನೆನಪಿದೆಯೇ ಎಂದು ಅವನು ಕೇಳಿದ.

“ಮರಿಯೂದ ಹ್ಯಾಂಗೋ ತಮ್ಮಾ. ಮೂವತ್ತು ವರ್ಷ ಸೀಟಿ ಹೊಡದೀನಿ, ಅಂಥಾ ಜಿಗತ ನೋಡಿದ್ದು ಕಡಿಮಿ.”

ಅಮಸಿದ್ದ ಫೋನು ತೆಗೆದು, ಇದೇ ಮಾತನ್ನು ಗುಂಪಿನವರಿಗೆ ಹೇಳಿ ಎಂದು ಕೇಳಿಕೊಂಡ. ಮನ್ಮಥಪ್ಪ ಕೈ ಅಡ್ಡ ಹಿಡಿದರು.

“ಆದ್ರ ಅದು ಲೆಕ್ಕಕ್ಕ ಬರೂದಿಲ್ಲ. ಒಂದ ಹೆಜ್ಜಿ ಹೆಚ್ಚಿಗಿ ಹಾಕಿದ್ದಿ. ನೀ ಜಿಗಿಯೂಕಿಂತ ಮೊದಲ ನಾ ಸೀಟಿ ಹೊಡದಿದ್ದೆ.”

ಅಮಸಿದ್ದ ಒಪ್ಪಲಿಲ್ಲ. ಎದ್ದು ಚಪ್ಪಲಿ ಬಿಟ್ಟು, ಎಡಗಡೆಯಿಂದ ಚೆಂಡು ಬಂದದ್ದು, ತಾನು ತಿರುಗಿದ್ದು ಎಲ್ಲವನ್ನೂ ಮಾಡಿ ತೋರಿಸಿದ. ನಿಯಮದಂತೆ ಚೆಂಡು ಹಿಡಿದ ಮೇಲೆ ಹಾರುವ ಮುನ್ನ ಎರಡೇ ಹೆಜ್ಜೆ ಇರಬೇಕು. ಕಾಲು ಮೂರು ಹಾಕಿತು. ಮತ್ತೆ ಮಾಡಿದ. ಮತ್ತೂ ಮೂರು. ಮೂರನೆಯ ಸಲ ಬೇಕೆಂದೇ ಎರಡರಲ್ಲಿ ನಿಲ್ಲಲು ಹೋದರೆ ಮುಗ್ಗರಿಸಿ ಕಂಬ ಹಿಡಿದುಕೊಂಡ. ಒಳಗಿನಿಂದ ಬಂದ ಚಹಾವನ್ನು ಅರ್ಧಕ್ಕೇ ಬಿಟ್ಟು, ಮುದುಕರ ಕಾಲಿಗೆ ನಮಸ್ಕರಿಸಿ ಹೊರಬಿದ್ದ.

ಬಸ್‌ಸ್ಟ್ಯಾಂಡಿನಿಂದ ಜಯಂತನಿಗೆ ಫೋನು ಮಾಡಿ, ಅಂದು ಸೀಟಿ ಕೇಳಿಸಿತ್ತೇ ಎಂದು ನೇರವಾಗಿ ಕೇಳಿದ.

“ಎಲ್ಲಾರಿಗೂ ಕೇಳಿಸಿತ್ತೋ. ಆದ್ರೂ ಆ ಜಿಗಿತ ನೋಡಿ ತಡೀಲಾರದೆ ಓಡಿಬಂದ್ವಿ. ನೀ ಅಷ್ಟು ಖುಷಿಯಾಗಿದ್ದಿ, ಯಾರು ಹೇಳಬೇಕು? ಆಮ್ಯಾಲೆ ಹೇಳೋದು ಆಗಲೇ ಇಲ್ಲ.”

“ಹದಿನಾರ ವರ್ಷ ಆಗಲಿಲ್ಲೇನು?”

ಉತ್ತರಕ್ಕೆ ಕಾಯದೆ ಅವನು ಫೋನು ಇಟ್ಟ.

ತನಗೇಕೆ ತಿಳಿಯಲಿಲ್ಲ ಎಂದು ಬಸ್ಸಿನಲ್ಲಿ ಯೋಚಿಸಿದ. ಅಂಕ ಬಂದರೂ ಮುಂದೆ ಚೆಂಡು ಎದುರಾಳಿಗೇ, ಹೆಜ್ಜೆ ತಪ್ಪಾದರೂ ಎದುರಾಳಿಗೇ. ಕೂಗಾಟದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಿಸಿರಲಿಲ್ಲ. ಅದು ಹೋಗಲಿ. ಹೆಣ್ಣು ನೋಡಲು ಹೋದಲ್ಲಿ, ಕೆಲಸದ ಸಂದರ್ಶನದಲ್ಲಿ, ಮಗಳ ಶಾಲೆಯಲ್ಲಿ, ಎಲ್ಲೆಲ್ಲಿ ಇದನ್ನು ಹೇಳಿಕೊಂಡಿಲ್ಲ? ಹಳೆಯ ಗೆಳೆಯರು ಸೇರಿದಾಗೆಲ್ಲ ಇದೇ ಕತೆ ಹೇಳಿದ್ದ, ಅವರು ತಲೆ ಆಡಿಸುತ್ತ ಕೇಳಿದ್ದರು. ಡಂಕ್ ಹೋದದ್ದಕ್ಕಿಂತ ಆ ತಲೆ ಆಡಿಸಿದ್ದು ಅವನನ್ನು ಸುಟ್ಟಿತು.

ಮನೆಯಲ್ಲಿ ದಾನಮ್ಮನಿಗೆ ಎಲ್ಲ ಹೇಳಿದ. ಅವಳು ನಗಲಿಲ್ಲ. ಗುಂಪು ಬಿಟ್ಟುಬಿಡ್ರಿ ಎಂದಳು. ಅವನು ಬಿಡಲಿಲ್ಲ. ಮರುದಿನ ಚಹಾದ ಹೊತ್ತಿನಲ್ಲಿ ಬರೆದ: ಔರಂಗಾಬಾದಿನಲ್ಲಿ ಸೀಟಿ ಮೊದಲು ಆಗಿತ್ತು, ನನ್ನದು ಲೆಕ್ಕಕ್ಕಿಲ್ಲ, ಇದು ನನಗೆ ತಿಳಿದದ್ದು ನಿನ್ನೆ, ನಿಮಗೆಲ್ಲ ಮೊದಲೇ ಗೊತ್ತಿತ್ತು. ಕೈಮುಗಿದ ಚಿತ್ರಗಳು ನಾಲ್ಕಾರು ಬಂದವು.

ಆಮೇಲೆ ತನ್ನ ಮತವನ್ನು ರವಿಕಾಂತನಿಗೆ ಹಾಕಿ ಕಾರಣವನ್ನೂ ಬರೆದ. ಜಯಂತ್ ಹಾರಿದಾಗ ಮುಂದೆ ಒಬ್ಬನೂ ಇರಲಿಲ್ಲ, ವಿಡಿಯೊ ನೋಡಿದರೆ ಖಾಲಿ ಅಂಗಳ. ರವಿಕಾಂತನ ಎದೆಗೆ ಎದುರಾಳಿಯ ಮೊಣಕೈ ತಾಗಿತ್ತು. ಇದರ ಮೇಲೆ ಎರಡು ದಿನ ಜಗಳ ನಡೆಯಿತು. ವಿಡಿಯೊ ಇದ್ದವನೇ ಗೆದ್ದ. ರವಿಕಾಂತನಿಗೆ ಬಿದ್ದದ್ದು ಒಂಬತ್ತು ಮತ. ದ್ರಾಕ್ಷಿ ಕೊಯ್ಲಿನ ಗಡಿಬಿಡಿಯಲ್ಲಿ ಅವನು ಮತವನ್ನೇ ಹಾಕಿರಲಿಲ್ಲ.

ತಂಡದ ಐವತ್ತನೇ ವರ್ಷದ ಸಮಾರಂಭಕ್ಕೆ ಅಮಸಿದ್ದ ಹೋದ. ಜಯಂತನಿಗೆ ಅತ್ಯುತ್ತಮ ಡಂಕಿನ ಸ್ಮರಣಿಕೆ ಕೊಡುವಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅವನು ತಟ್ಟಲಿಲ್ಲ, ಏಳಲೂ ಇಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದರೂ, ನಿಂತವರ ಹೆಗಲುಗಳ ನಡುವೆ ಅವನ ತಲೆ ವೇದಿಕೆಯಿಂದ ಕಾಣಿಸುತ್ತಿತ್ತು.