ಜೀಪು ನಡುಗಿದ ಭಾನುವಾರ

ನನ್ನ ಗಂಡ ಹಳೆಯ ಜೀಪೊಂದನ್ನು ಕೊಂಡದ್ದು ಪುಣೆಯ ಸುತ್ತಲಿನ ಗುಡ್ಡದ ಕಚ್ಚಾ ದಾರಿಗಳಲ್ಲಿ ಅಲೆಯಲಿಕ್ಕೆ. ಕಲ್ಲು ಬಂದಲ್ಲೆಲ್ಲ ಅದರ ಹೊಟ್ಟೆ ಕೆರೆಯುತ್ತಿತ್ತು. ಅದಕ್ಕೆ ಅವರು ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲೇ ಜಾಕ್ ಹಚ್ಚಿ, ಚಕ್ರದ ಮೇಲೆ ಕುಲುಕು ತಡೆಯುವ ಉಕ್ಕಿನ ಪಾಟಾಗಳನ್ನು ಗಾಡಿಯ ಅಡಿಯ ಚಾಸಿಗೆ ಜೋಡಿಸುವ ಕೊಂಡಿಗಳನ್ನು ತೆಗೆದು ಉದ್ದನೆಯವನ್ನು ಕೂಡಿಸಿದರು. ಜೀಪು ಎತ್ತರವಾಯಿತು. ಬೋಲ್ಟು ಬಿಗಿಯುವಾಗ ಪಾನಾ ಜಾರಿ ಅವರ ಬಲಗೈ ಬೆರಳುಗಳು ಬಾತುಕೊಂಡವು.

ಹೀಗಾಗಿ ಆ ಭಾನುವಾರ ಸಾತಾರೆಯ ನಂಟರ ಮನೆಗೆ ಹೊರಟಾಗ ಸ್ಟೇರಿಂಗ್ ಹಿಡಿದವಳು ನಾನು. ಪಕ್ಕದಲ್ಲಿ ಅವರು, ಹಿಂದೆ ಅತ್ತೆ. ಊರೊಳಗೆ ಏನೂ ತೊಂದರೆಯಾಗಲಿಲ್ಲ. ಕಾತ್ರಜದ ಸುರಂಗ ದಾಟಿ ಇಳಿಜಾರಿನಲ್ಲಿ ವೇಗ ಏರಿದಾಗ ಮುಂದಿನ ಚಕ್ರ ರಸ್ತೆಯ ಒಂದು ಸಣ್ಣ ಉಬ್ಬನ್ನು ದಾಟಿತು, ಅಷ್ಟೇ. ಸ್ಟೇರಿಂಗ್ ನನ್ನ ಕೈಯೊಳಗೆ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳತೊಡಗಿತು. ಇಡೀ ಗಾಡಿ ಗಡಗಡ ನಡುಗಿತು. ಹಿಡಿದಷ್ಟೂ ಜೋರಾಯಿತು. ಕನ್ನಡಿಯಲ್ಲಿ ಹಿಂದಿನ ಲಾರಿಯ ಮುಖ ದೊಡ್ಡದಾಗುತ್ತಿತ್ತು.

"ಬ್ರೇಕ್ ಒಮ್ಮೆಲೆ ಒತ್ತಬ್ಯಾಡ. ಆಕ್ಸಿಲರೇಟರ್ ಬಿಡು," ಎಂದರು ಅವರು. ಅವರ ದನಿ ನನಗೆ ಗುರುತೇ ಸಿಗಲಿಲ್ಲ.

ಬಿಟ್ಟೆ. ಲಾರಿ ಹಾರ್ನ್ ಬಾರಿಸುತ್ತ ಬಲಗಡೆಯಿಂದ ದಾಟಿ ಹೋಯಿತು. ವೇಗ ಇಳಿದ ಮೇಲೆ ನಡುಕ ತಾನಾಗಿಯೇ ನಿಂತಿತು. ರಸ್ತೆಯಂಚಿಗೆ ನಿಲ್ಲಿಸಿ ಎಂಜಿನ್ ಆರಿಸಿದೆ.

"ಏನಾತವಾ?" ಎಂದು ಅತ್ತೆ ಹಿಂದಿನಿಂದ ಮೆಲ್ಲಗೆ ಕೇಳಿದರು.

ನನ್ನವರು ಇಳಿದು ಜೀಪಿನ ಕೆಳಗೆ ತೂರಿ ಒಂದೊಂದೇ ಬೋಲ್ಟು ಮುಟ್ಟಿ ನೋಡಿದರು. ಎಲ್ಲವೂ ಗಟ್ಟಿಯಾಗಿಯೇ ಇದ್ದವು. ಏನಾದರೂ ಮುರಿದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಏನೂ ಮುರಿಯದೆ ಹೀಗಾಗಿದೆಯೆಂದರೆ ಮತ್ತೆ ಯಾವಾಗ ಬೇಕಾದರೂ ಆಗಬಹುದಲ್ಲ.

ಮುಂದೆ ತಿರುಗಲು ಜಾಗ ಸಿಕ್ಕಲ್ಲಿ ಜೀಪು ತಿರುಗಿಸಿ, ಎರಡೂ ಬದಿಯ ಇಂಡಿಕೇಟರ್ ಮಿನುಗಿಸುತ್ತ, ಸೈಕಲ್ಲಿನ ವೇಗದಲ್ಲಿ ಹಿಂದಿರುಗಿದೆವು. ಪ್ರತಿ ಸಣ್ಣ ಕುಳಿಯನ್ನೂ ತಪ್ಪಿಸುತ್ತಿದ್ದೆ. ಕಾತ್ರಜದ ಗ್ಯಾರೇಜಿನವನು ಬಗ್ಗಿ ನೋಡಿ ಮರಾಠಿಯಲ್ಲಿ ಹೇಳಿದ: ಉದ್ದ ಕೊಂಡಿಯಿಂದ ಪಾಟಾದ ಒಂದೇ ತುದಿ ಎತ್ತರವಾಗಿ ಮುಂದಿನ ಆಕ್ಸಲ್ ಓರೆಯಾಗಿದೆ, ಚಕ್ರಗಳು ಅದಕ್ಕೇ ನೆಟ್ಟಗೆ ನಿಲ್ಲುತ್ತಿಲ್ಲ.

"ಬೆಣಿ ಹಾಕಿ ಓರೆ ತೆಗೀಬಹುದಂತ. ಎತ್ತರಾನೂ ಉಳೀತದ," ಎಂದರು ನನ್ನವರು.

"ನನಗ ಎತ್ತರ ಬ್ಯಾಡ್ರಿ. ಹಳೇ ಕೊಂಡಿನ ಹಾಕಸ್ರಿ."

ಅವರು ವಾದಿಸಲಿಲ್ಲ. ಬಾತ ಬೆರಳುಗಳನ್ನು ನೋಡಿಕೊಳ್ಳುತ್ತ, "ನಾನೂ ಭಾಳ ಅಂಜಿದ್ದೆ," ಎಂದರು.

ಹಳೆಯ ಕೊಂಡಿಗಳು ಮರಳಿ ಕೂತವು. ಮುಂದಿನ ಭಾನುವಾರ ಸಾತಾರೆಗೆ ನಾನೇ ನಡೆಸುತ್ತೇನೆಂದು ಹಟ ಹಿಡಿದೆ. ಆಗ ಸ್ಟೇರಿಂಗ್ ಬಿಟ್ಟುಕೊಟ್ಟಿದ್ದರೆ ಮತ್ತೆಂದೂ ಮುಟ್ಟುತ್ತಿರಲಿಲ್ಲ. ಸುರಂಗ ದಾಟಿ ಇಳಿಜಾರಿನಲ್ಲಿ ಮೊದಲಿನಷ್ಟೇ ವೇಗ ಹಿಡಿದೆ. ಅದೇ ಉಬ್ಬು ಬಂತು. ಚಕ್ರ ಒಮ್ಮೆ ಕುಣಿದು ಸುಮ್ಮನಾಯಿತು.

"ಏನೂ ಆಗಲಿಲ್ಲಲ್ಲ," ಎಂದರು ಅವರು.

ನಾನು ತಲೆಯಾಡಿಸಿದೆ. ಆದರೂ ಸಾತಾರೆ ಬರುವವರೆಗೆ ಆಕ್ಸಿಲರೇಟರ್ ಮೇಲಿನ ಕಾಲು ಹಗುರವಾಗಿಯೇ ಇತ್ತು. ಅತ್ತೆ ಮಾತ್ರ ಬೆಳಗಿನ ಬಸ್ಸಿಗೇ ಹೋಗಿ, ನಮಗಿಂತ ಮೊದಲು ಅಲ್ಲಿ ಕೂತು ಚಹಾ ಕುಡಿಯುತ್ತಿದ್ದರು.