ಹೊಗೆಗುಡ್ಡದ ಹರಕೆ

ಅಜ್ಜನ ಪಾದಕ್ಕೆ ಹೊಂದುವ ಚಪ್ಪಲಿ ಬಹ್ರೈನಿನಲ್ಲಿ ಸಿಗಲೇ ಇಲ್ಲ. ಹೆಬ್ಬೆರಳುಗಳೆರಡೂ ಉಳಿದ ಬೆರಳುಗಳೊಡನೆ ಜಗಳವಾಡಿ ಬೇರೆ ಮನೆ ಮಾಡಿದವರ ಹಾಗೆ ದೂರ ನಿಂತಿದ್ದವು. ಹಿಮ್ಮಡಿ ಒಣಶುಂಠಿಯ ಬಣ್ಣ, ಮೈತುಂಬ ಬಿರುಕು. ಅಪ್ಪ ಗುದೈಬಿಯಾ ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ ಅಂತೂ ಒಂದು ಜೊತೆ ತಂದರು. ಅಜ್ಜ ಅದನ್ನು ಕೈಯಲ್ಲಿ ಹಿಡಿದುಕೊಂಡೇ ತಿರುಗಾಡಿದರು. ನೆಲ ಸುಡುತ್ತದೆ ಎಂದು ನಾನು ಹೆದರಿಸಿದರೆ, ಸುಡುವ ನೆಲ ತಾನೇ, ಜಿಗಣೆ ಅಲ್ಲವಲ್ಲ ಎಂದು ನಗುತ್ತಿದ್ದರು.

ಆ ಪಾದಗಳು ಘಟ್ಟದ ಬುಡದ ಊರಿನವು. ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಯಾರಾದರೂ ಕಾಯಿಲೆ ಬಿದ್ದರೆ ಗುಡ್ಡದ ದೇವರಿಗೆ ಹರಕೆ ಹೊರುವುದು. ಗುಣವಾದ ಮೇಲೆ ಮನೆಮಂದಿಯೆಲ್ಲ ಗುಡ್ಡದ ಬುಡದಲ್ಲಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ಗಂಜಿ ಬೇಯಿಸಿ, ತುದಿಗೆ ಹೊತ್ತೊಯ್ದು ದೇವರಿಗೆ ಬಡಿಸಿ, ಅಲ್ಲೇ ಉಂಡು ಬರುವುದು. ಯಾರ ಹೆಸರಿನ ಹರಕೆಯೋ ಅವರು ತಮ್ಮ ಕಾಲಿನಲ್ಲೇ ಹತ್ತಬೇಕು. ತುದಿ ಮುಟ್ಟುವ ಮೊದಲು ಕುಳಿತರೆ ಹರಕೆ ಸಂದ ಹಾಗಲ್ಲ, ಇನ್ನೊಮ್ಮೆ ಬರಬೇಕು. ಹೀಗೆ ಎಷ್ಟೋ ಮಂದಿಯನ್ನು ಅಜ್ಜ ಮುಂದೆ ನಿಂತು ಹತ್ತಿಸಿದ್ದರು. ಹರಕೆ ಬಾಕಿ ಇರುವವನನ್ನು ದೇವರು ಕರೆಸಿಕೊಳ್ಳುವುದಿಲ್ಲ ಎಂಬುದು ಅವರು ಎಲ್ಲರಿಗೂ ಹೇಳುತ್ತಿದ್ದ ಧೈರ್ಯದ ಮಾತು.

ಅವರು ಇಲ್ಲಿಗೆ ಬಂದದ್ದು ಅಪ್ಪನಿಗಾಗಿ. ಅಪ್ಪ ಏಸಿ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಏಣಿ ಹತ್ತುವಾಗ ಕಾಲು ಮಾತು ಕೇಳುತ್ತಿಲ್ಲ ಎಂದು ಡಾಕ್ಟರ ಹತ್ತಿರ ಹೋದವರಿಗೆ ನರದ ಕಾಯಿಲೆಯೆಂದು ತಿಳಿಯಿತು. ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರು. ಔಷಧಿ ಇಲ್ಲ. ಡಾಕ್ಟರು ಇಷ್ಟನ್ನೂ ಅಪ್ಪನ ಎದುರಿಗೇ ಹೇಳಿದರು. ಒಬ್ಬನೇ ಮಗ. ಅಜ್ಜ ಊರಿನಲ್ಲೇ ಹರಕೆ ಹೊತ್ತು ವಿಮಾನ ಹತ್ತಿದರು.

ಬಂದ ದಿನದಿಂದಲೂ ಅವರು ದಿನಾ ಸಂಜೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ನಮ್ಮ ಕಟ್ಟಡದ ಟೆರೇಸಿಗೆ ಹೋಗುತ್ತಿದ್ದರು. ನಾಲ್ಕು ದಿಕ್ಕೂ ನೋಡಿ, ಎಲ್ಲೂ ಗುಡ್ಡ ಕಾಣದೆ ಇಳಿದು ಬಂದು, ಈ ಊರಿಗೆ ಬೆನ್ನೆಲುಬೇ ಇಲ್ಲವಲ್ಲ ಎಂದು ಅಮ್ಮನಲ್ಲಿ ದೂರುತ್ತಿದ್ದರು. ಇಲ್ಲೇ ಬೆಳೆದ ನನ್ನ ಕನ್ನಡ ಕೇಳಿ ಅವರಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಕೆಳಗಿನ ಕೆಫೆಟೇರಿಯಾದ ಮಲಯಾಳಿಯೊಡನೆ ಮಾತ್ರ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ, ಚಹಾ ಮುಗಿದ ಮೇಲೂ ಅವರ ಮಾತು ಮುಗಿಯುತ್ತಿರಲಿಲ್ಲ.

ಇಲ್ಲಿಯೂ ಒಂದು ಗುಡ್ಡವಿದೆ, ಜಬಲ್ ದುಖಾನ್, ಎಂದರೆ ಹೊಗೆಗುಡ್ಡ ಎಂದು ಬಾಯಿಬಿಟ್ಟವಳು ನಾನೇ. ದೇಶಕ್ಕೆಲ್ಲ ಅದೇ ಎತ್ತರ; ನಮ್ಮ ಊರಿನ ಲೆಕ್ಕದಲ್ಲಿ ದನ ಮೇಯಿಸುವ ದಿಬ್ಬ. ಅಜ್ಜ ಆ ದಿನವೇ ಹಟ ಹಿಡಿದರು. ಗುಡ್ಡ ಯಾವುದಾದರೇನು, ದೇವರು ಒಬ್ಬನೇ; ಅಪ್ಪನ ಕಾಲಿನಲ್ಲಿ ಕಸುವು ಇರುವಾಗಲೇ ಹರಕೆ ಮುಗಿಸಿಬಿಡಬೇಕು. ಗುಣವಾಗುವ ಮೊದಲು ಹರಕೆ ತೀರಿಸುವವರು ಎಲ್ಲಾದರೂ ಉಂಟೇ ಎಂದು ಅಮ್ಮ ಕೂಗಾಡಿದಳು. ತೀರಿಸಿಬಿಟ್ಟರೆ ದೇವರಿಗೆ ಇವರನ್ನು ಉಳಿಸಲು ಕಾರಣವೇನು ಎಂದು ಅಜ್ಜನ ಮಾತನ್ನೇ ತಿರುಗಿಸಿ ಕೇಳಿದಳು.

ಅಜ್ಜ ಅಮ್ಮನ ಕಡೆ ತಿರುಗಿದರು.

"ಕೊಟ್ಟು ನೋಡುವ ಮಗಳೇ," ಎಂದರು. "ಉಂಡ ಮೇಲೆ ದೇವರಿಗೂ ಸ್ವಲ್ಪ ದಾಕ್ಷಿಣ್ಯ ಅಂತ ಇರ್ತದಲ್ಲ."

ಅಪ್ಪ ನಕ್ಕು ಒಪ್ಪಿಕೊಂಡರು. ಆ ನಗು ನೋಡಿ ಅಮ್ಮನೂ ಸೋತಳು.

ಚಳಿಗಾಲ. ಇಲ್ಲಿಯ ಜನ ಮರಳಿನಲ್ಲಿ ಡೇರೆ ಹಾಕಿ ವಾರಗಟ್ಟಲೆ ಇರುವ ಕಾಲ. ಅಪ್ಪನ ಜೊತೆ ಕೆಲಸ ಮಾಡುವವರ ಡೇರೆಯೊಂದನ್ನು ಕೇಳಿಕೊಂಡು ಗುರುವಾರ ಸಂಜೆ ನಾವು ನಾಲ್ವರೂ ಹೊರಟೆವು. ಕಾರು ನನ್ನ ಕೈಯಲ್ಲಿತ್ತು. ದಾರಿಯುದ್ದಕ್ಕೂ ಎಣ್ಣೆಯ ಪೈಪು ನೋಡುತ್ತ ಅಜ್ಜ, ಇವರ ತೋಟಕ್ಕೆ ನೀರು ಭರ್ಜರಿ ಎಂದು ಚೇಷ್ಟೆ ಮಾಡಿದರು. ಡೇರೆಯೊಳಗೆ ಅಪ್ಪನ ಕಾಲಿಗೆ ತಾವೇ ಎಣ್ಣೆ ತಿಕ್ಕಿದರು. ಮಾಂಸ ಹೋಗಿ ಮೊಣಕಾಲಿನ ಚಿಪ್ಪು ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ತಿಕ್ಕುವಾಗ ಅಜ್ಜನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಅಜ್ಜ ಕುಚ್ಚಲಕ್ಕಿ ಗಂಜಿ ಬೇಯಿಸಿ, ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದರು. ಒಂದು ಕೈಯಲ್ಲಿ ಕೋಲು, ಇನ್ನೊಂದು ನನ್ನ ಹೆಗಲ ಮೇಲೆ ಹಾಕಿ ಅಪ್ಪ. ಹಿಂದೆ ಅಮ್ಮ. ಸಡಿಲ ಕಲ್ಲು, ಮರ ಇಲ್ಲ, ಹಿಡಿಯಲು ಒಂದು ಬಳ್ಳಿಯೂ ಇಲ್ಲ. ಅಜ್ಜ ಪ್ರತಿ ಕಲ್ಲನ್ನೂ ಕಾಲಿನಿಂದ ಅಲುಗಿಸಿ ನೋಡಿ, ಇದು ಗಟ್ಟಿ, ಇದಕ್ಕೆ ಇಡು ಎನ್ನುತ್ತಿದ್ದರು. ಎಡವಿದರೂ ಅಪ್ಪ ಎಲ್ಲೂ ಕೂರಲಿಲ್ಲ. ತುದಿ ಕೂಗಿದರೆ ಕೇಳುವಷ್ಟು ಹತ್ತಿರ ಬಂತು. ಹತ್ತಿಬಿಡುತ್ತಾರೆ ಎಂದು ನಾನು ಉಳಿದ ಹೆಜ್ಜೆಗಳನ್ನು ಎಣಿಸತೊಡಗಿದೆ.

ಅಲ್ಲಿ ಅಪ್ಪ ನನ್ನ ಹೆಗಲಿನಿಂದ ಕೈ ತೆಗೆದು ಮೆಲ್ಲಗೆ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರು.

"ಸ್ವಲ್ಪವೇ ಉಂಟು ಮಗ, ಏಳು," ಅಂದರು ಅಜ್ಜ.

"ಆಗುದಿಲ್ಲ ಅಪ್ಪ. ಮುಂದಿನ ವರ್ಷ ಬರುವ," ಎಂದು ಅಪ್ಪ ಮತ್ತೆ ನಕ್ಕರು.

ಅಜ್ಜ ಪಾತ್ರೆ ಇಳಿಸಿ, ಅದೇ ಜಾಗದಲ್ಲಿ ನಾಲ್ವರಿಗೂ ಗಂಜಿ ಬಡಿಸಿದರು. ದೇವರಿಗೆ ಬಡಿಸಲಿಲ್ಲ.

ಮುಂದಿನ ವರ್ಷ ಬರಲಿಲ್ಲ. ಡಾಕ್ಟರು ಹೇಳಿದ ಕ್ರಮದಲ್ಲೇ, ಒಂದೂ ತಪ್ಪದೆ, ಎಲ್ಲವೂ ಹೋಯಿತು. ಮಾತು ಪೂರ್ತಿ ನಿಲ್ಲುವ ಮುಂಚೆ ಒಂದು ಮಧ್ಯಾಹ್ನ ಅಪ್ಪ ನನ್ನನ್ನು ಹತ್ತಿರ ಕರೆದು, ಆ ದಿನ ತಾನು ತುದಿ ಮುಟ್ಟಬಹುದಿತ್ತು ಎಂದರು. ಬೇಕೆಂದೇ ಕುಳಿತದ್ದಂತೆ. ಹರಕೆ ಬಾಕಿ ಉಳಿಯಲಿ ಎಂದು. ಹೇಳುವಾಗ ಅವರು ನಗಲಿಲ್ಲ.

ಅಪ್ಪನ ಅಂತ್ಯಕ್ರಿಯೆ ಇಲ್ಲೇ ನಡೆಯಿತು. ಆಮೇಲೆ ಅಜ್ಜ ಟೆರೇಸಿಗೆ ಹೋಗುವುದನ್ನು ಬಿಟ್ಟರು, ಕೆಫೆಟೇರಿಯಾಕ್ಕೆ ಇಳಿಯುವುದನ್ನು ಬಿಟ್ಟರು. ಕುಳಿತಲ್ಲೇ ಒಂದೇ ಮಾತು. ತಾನು ಅವಸರ ಮಾಡಿದೆ, ಎಳೆದುಕೊಂಡು ಹೋಗಿ ಅವನ ಕಾಲಿನ ಕಸುವನ್ನೆಲ್ಲ ಆ ಕಲ್ಲುಗಳ ಮೇಲೆ ಮುಗಿಸಿದೆ, ಹರಕೆ ನಡುದಾರಿಯಲ್ಲಿ ಕೆಟ್ಟಿತು, ದೇವರು ಮುನಿದ. ಅಮ್ಮ ಅಳುತ್ತಲೇ ಸಮಾಧಾನ ಹೇಳಿದಳು. ಕಾಯಿಲೆಗೆ ನಡೆದರೂ ಒಂದೇ ನಡೆಯದಿದ್ದರೂ ಒಂದೇ ಎಂದು ನಾನು ವಿವರಿಸಿದೆ. ಯಾವುದೂ ಅವರ ಕಿವಿಗೆ ಹೋಗಲಿಲ್ಲ.

ಅವರು ಊರಿಗೆ ಹೊರಡುವ ದಿನ ಬಂತು. ಅಸ್ಥಿಯ ಕುಡಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಈ ಭಾರ ಹೊತ್ತು ಹೋಗುವುದು ಬೇಡವೆನಿಸಿ, ಪಕ್ಕದಲ್ಲಿ ಕುಳಿತು ಅಪ್ಪ ಹೇಳಿದ್ದನ್ನು ಹೇಳಿದೆ. ಕಸುವು ಮುಗಿದದ್ದಲ್ಲ ಅಜ್ಜ, ಹರಕೆ ಕೆಟ್ಟದ್ದೂ ಅಲ್ಲ, ಅಪ್ಪನೇ ಅದನ್ನು ಬಾಕಿ ಇಟ್ಟರು ಎಂದೆ. ಅಜ್ಜನ ಬೆರಳುಗಳು ಬಟ್ಟೆಯ ಗಂಟಿನ ಮೇಲೆ ನಿಂತುಹೋದವು. ಹಗುರವಾಗುತ್ತಾರೆ ಎಂದು ನಾನು ಕಾದೆ.

"ಹಾಗಾದ್ರೆ ಅವನಿಗೆ ಬದುಕುವ ಆಸೆ ಇತ್ತು," ಅಂದರು. "ಅಷ್ಟು ನಗಾಡ್ತಿದ್ದನಲ್ಲ ಮಗಳೇ. ಒಪ್ಪಿಕೊಂಡಿದ್ದಾನೆ ಅಂತ ನಾನು ತಿಳಿದಿದ್ದೆ. ಅದೊಂದು ಸಮಾಧಾನ ಇತ್ತು ನಂಗೆ."

ಏರ್‌ಪೋರ್ಟಿನವರೆಗೂ ಅವರು ಆ ಕುಡಿಕೆಯನ್ನು ಮಡಿಲಿನಿಂದ ಕೆಳಗಿಡಲಿಲ್ಲ. ಊರಿಗೆ ಹೋದ ಮೇಲೆ, ಮೊದಲಿನ ಹಾಗೆ ಗುಡ್ಡದ ಕಡೆ ತಿರುಗಿ ಕುಳಿತು ಉಣ್ಣುವುದನ್ನೂ ನಿಲ್ಲಿಸಿದರು ಎಂದು ಮದುವೆಯಾಗಿ ಪಕ್ಕದ ಊರಿನಲ್ಲಿರುವ ಅತ್ತೆ ಫೋನಿನಲ್ಲಿ ಹೇಳಿದಳು. ಆ ಮಳೆಗಾಲದಲ್ಲಿ ಅಜ್ಜ ತೀರಿಕೊಂಡರು. ಅವರಿಗಾಗಿ ಹರಕೆ ಹೊರುವವರು ಊರಿನ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.