ಪೇಪರ್ ಏಜೆಂಟರ ದೂರಿನ ಪುಸ್ತಕ

೧೯೬೧ನೇ ಇಸವಿ. ಅರಸೀಕೆರೆಯಿಂದ ಜಾವಗಲ್, ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುತ್ತಿದ್ದ ಖಾಸಗಿ ಬಸ್ಸಿನಲ್ಲಿ ನಾನು ಕಂಡಕ್ಟರ್. ಆರು ವರ್ಷದ ಸರ್ವೀಸು. ಒಂದು ದಿನ ಮಾಲೀಕರು ಎರಡು ಬಸ್ಸು ಮಾರಿ, ನನ್ನನ್ನೂ ಸೇರಿಸಿ ನಾಲ್ಕು ಜನರನ್ನು ಮನೆಗೆ ಕಳಿಸಿದರು. ನನ್ನ ಹೆಂಡತಿ ಸಾವಿತ್ರಿಗೆ ಆಗ ಏಳು ತಿಂಗಳು.

ಹಾಸನಕ್ಕೆ ಹೋಗಿ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿದೆ. ಅಲ್ಲಿದ್ದವರೊಬ್ಬರು, "ಕೆಲಸ ಸಿಕ್ಕಾಗ ಸಿಗುತ್ತೆ, ಮೊದಲು ಪರಿಹಾರ ಕೇಳ್ರೀ" ಎಂದು ಕಾರ್ಮಿಕ ಅಧಿಕಾರಿಯ ಹತ್ತಿರ ಕಳಿಸಿದರು. ಕೆಲಸದಿಂದ ತೆಗೆದರೆ, ದುಡಿದ ಒಂದೊಂದು ವರ್ಷಕ್ಕೂ ಹದಿನೈದು ದಿನದ ಸಂಬಳ ಕೊಡಬೇಕಂತೆ. ಆದರೆ ಕಡೆಯ ವರ್ಷ ಇನ್ನೂರನಲವತ್ತು ದಿನವಾದರೂ ದುಡಿದಿರಬೇಕು. ನನಗೆ ನಗು ಬಂತು. ಹಬ್ಬದ ದಿನವೂ ರಜೆ ಹಾಕಿದವನಲ್ಲ ನಾನು!

ಅರ್ಜಿ ಕೊಟ್ಟೆ. ವಿಚಾರಣೆಯ ದಿನ ಕಂಪನಿಯ ಗುಮಾಸ್ತ ಹಾಜರಿ ಪುಸ್ತಕ ಬಿಚ್ಚಿಟ್ಟ. "ಈತ ಬದಲಿ ಆಳು ಸಾರ್. ಕಡೇ ವರ್ಷ ರುಜು ಇರೋದು ತೊಂಬತ್ತೇ ದಿನ" ಎಂದ.

ತಪ್ಪು ನನ್ನದೂ ಇತ್ತು. ನಮ್ಮ ಬಸ್ಸು ಆಫೀಸಿನ ಬಾಗಿಲು ತೆಗೆಯುವ ಮೊದಲೇ ಹೊರಟು, ಬಾಗಿಲು ಹಾಕಿದ ಮೇಲೆ ಬರುತ್ತಿತ್ತು. ಹಳೇ ಗುಮಾಸ್ತರಿದ್ದಾಗ ಸಂಬಳದ ದಿನ ಇಡೀ ತಿಂಗಳ ರುಜು ಒಟ್ಟಿಗೆ ಹಾಕುತ್ತಿದ್ದೆವು. ಈ ಹೊಸಬ "ಆಮೇಲೆ ಹಾಕೋರಂತೆ" ಎನ್ನುತ್ತಿದ್ದ. ಇವನ ಮುಂದೆ ಯಾರು ಕೈಕಟ್ಟಿ ನಿಲ್ಲುತ್ತಾರೆಂದು ನಾನೂ ಬಿಟ್ಟುಬಿಟ್ಟಿದ್ದೆ. ದಿನದಿನದ ಓಡಾಟ, ಕಂಡಕ್ಟರ್ ಹೆಸರು ಬರೆದಿರುವ ಟ್ರಿಪ್ ಶೀಟುಗಳನ್ನು ಕೇಳಿದರೆ, ಗೆದ್ದಲು ತಿಂದಿದೆ ಎಂದರು. ಅವುಗಳ ಕಾರ್ಬನ್ ಪ್ರತಿ ನನ್ನ ಕೈಗೇ ಬರುತ್ತಿತ್ತು. ಗೆದ್ದಲನ್ನು ಬೈದು ಏನು ಪ್ರಯೋಜನ? ನಾನು ಅವನ್ನೆಲ್ಲ ಬಚ್ಚಲ ಒಲೆಗೆ ಹಾಕಿ ಸ್ನಾನಕ್ಕೆ ನೀರು ಕಾಯಿಸಿಕೊಂಡಿದ್ದೆ!

ಅಧಿಕಾರಿ ಪುರಾವೆ ತರಲು ಹದಿನೈದು ದಿನದ ಗಡುವು ಕೊಟ್ಟರು. ನಮ್ಮ ಡ್ರೈವರ್ ಸಾಕ್ಷಿ ಹೇಳಿದರೆ ಅವನ ಅನ್ನಕ್ಕೂ ಕಲ್ಲು ಬೀಳುತ್ತಿತ್ತು, ಅವನನ್ನು ಕೇಳಲಿಲ್ಲ. "ಹೋಗ್ಲಿ ಬಿಡಪ್ಪ, ದೊಡ್ಡವರ ಸಹವಾಸ" ಎಂದ ಮಾವನವರಿಗೆ, "ಆರು ವರ್ಷ ದುಡಿದು ಬದಲಿ ಆಳು ಅನ್ನಿಸ್ಕೊಳ್ಳಲ್ಲ" ಎಂದೆ. ದಾರಿಯುದ್ದಕ್ಕೂ ಅಂಗಡಿ ಅಂಗಡಿ ತಿರುಗಿದೆ. "ನೀವು ದಿನಾ ಬತ್ತಿದ್ರಿ ಕಣ್ರೀ" ಎನ್ನುವವರೇ ಎಲ್ಲ. ಬರೆದಿಟ್ಟವರು ಒಬ್ಬರೂ ಇಲ್ಲ.

ಸೋತು ಮನೆಗೆ ಬಂದಾಗ ಸಾವಿತ್ರಿ ಕೇಳಿದಳು. "ದಿನಾ ನಿಮ್ಹತ್ರ ಜಗಳ ಆಡ್ತಿದ್ರಲ್ಲ, ಆ ಪೇಪರ್ ಏಜೆಂಟ್ರು. ಬರ್ಕೊಂತೀನಿ ಅಂತ ಹೆದರಿಸ್ತಿದ್ರಂತಲ್ಲ. ನಿಜವಾಗ್ಲೂ ಬರ್ಕೊತಿದ್ರಾ?"

ರೈಲಿನಲ್ಲಿ ಅರಸೀಕೆರೆಗೆ ಬಂದ ಪತ್ರಿಕೆಗಳ ಬಂಡಲ್ಲನ್ನು ಬೇಲೂರಿಗೆ ಒಯ್ಯುತ್ತಿದ್ದವನು ನಾನೇ. ಅಲ್ಲಿನ ಏಜೆಂಟರು ನಂಜುಂಡಯ್ಯ ಎಂಬ ನಿವೃತ್ತ ಮೇಷ್ಟ್ರು. ಗಡಿಯಾರ ಹಿಡಿದೇ ನಿಂತಿರುತ್ತಿದ್ದರು. "ಮತ್ತೆ ಲೇಟು! ಬರ್ಕೊಂಡು ಕಂಪನಿಗೆ ದೂರು ಕೊಡ್ತೀನಿ!" ನಾನೂ ಸುಮ್ಮನಿರುತ್ತಿರಲಿಲ್ಲ. "ಕೊಡಿ ಸ್ವಾಮಿ, ನಿಮ್ಮ ಪೇಪರ್ ಓದದೆ ಯಾರೂ ಸತ್ತಿಲ್ಲ" ಎಂದು ಒಮ್ಮೆ ಜನರ ಮುಂದೆಯೇ ಅಂದಿದ್ದೆ. ಈಗ ಅವರದೇ ಮನೆ ಬಾಗಿಲು ತಟ್ಟಿದೆ.

ಅವರು ಎಲ್ಲವನ್ನೂ ಕೇಳಿ, ಒಳಗೆ ಹೋಗಿ ದಪ್ಪನೆಯ ಪುಸ್ತಕವೊಂದನ್ನು ತಂದರು. ಒಂದು ದಿನವೂ ತಪ್ಪಿಸಿರಲಿಲ್ಲ! ತಾರೀಖು, ಬಸ್ಸು ಬಂದ ಹೊತ್ತು, ನನ್ನ ಹೆಸರು. "ಕಂಡಕ್ಟರ್ ತಿಮ್ಮಪ್ಪ. ಇಪ್ಪತ್ತು ನಿಮಿಷ ತಡ. ಕಾರಣ: ಜಾವಗಲ್ಲಿನಲ್ಲಿ ಕುರಿ ಹತ್ತಿಸಿದ್ದು." ಇನ್ನೊಂದು ಕಡೆ, "ಉದ್ಧಟತನದ ಮಾತು." ನನಗೆ ಭೂಮಿಗೆ ಇಳಿದುಹೋದಂತಾಯಿತು.

"ಪುಸ್ತಕ ನಿಮ್ಮ ಕೈಗೆ ಕೊಡಲ್ಲ. ವಿಚಾರಣೆಗೆ ನಾನೇ ತಗೊಂಡು ಬರ್ತೀನಿ" ಎಂದರು. ಎರಡು ದಿನ ಅವರ ಜಗಲಿಯಲ್ಲಿ ಕೂತು ಕಡೆಯ ವರ್ಷದಲ್ಲಿ ನನ್ನ ಹೆಸರಿದ್ದ ಸಾಲುಗಳನ್ನೆಲ್ಲ ಪ್ರತಿ ಮಾಡಿದೆ. ಇನ್ನೂರ ತೊಂಬತ್ತೊಂದು ದಿನ ಸಿಕ್ಕಿತು.

ವಿಚಾರಣೆಯಲ್ಲಿ ಗುಮಾಸ್ತ ಕೊನೆಯ ಪಟ್ಟು ಹಾಕಿದ. "ನೋಡಿ ಸಾರ್, ದಿನಾ ತಡ ಮಾಡಿದ್ದಾನೆ ಅಂತ ಇವರೇ ಬರೆದಿದ್ದಾರೆ."

ಅಧಿಕಾರಿ ಕನ್ನಡಕ ತೆಗೆದರು. "ತಡವಾಗಿ ಬಂದ ಅಂದ್ರೆ ಬಂದ ಅಂತಲೇ ಅಲ್ವೇನ್ರೀ?"

ಆರು ವರ್ಷದ ಪರಿಹಾರ ಕೈಗೆ ಬಂತು. ಹೆರಿಗೆಯೂ ಸುಸೂತ್ರವಾಯಿತು. ಮುಂದೆ ಬೇರೆ ಕೆಲಸವೂ ಸಿಕ್ಕಿತು. ಅಂದಿನಿಂದ ಒಂದು ತುಂಡು ಚೀಟಿಯನ್ನೂ ನಾನು ಒಲೆಗೆ ಹಾಕಿದವನಲ್ಲ, ಮನೆಯವರು ಎಷ್ಟು ನಕ್ಕರೂ ಸರಿ.

ಮಗು ಹುಟ್ಟಿದ ಮೇಲೆ ನಂಜುಂಡಯ್ಯನವರಿಗೆ ಸಕ್ಕರೆ ಕೊಡಲು ಬೇಲೂರಿಗೆ ಹೋದೆ. ಹತ್ತು ಗಂಟೆಗೆ ಬರುತ್ತೇನೆಂದು ಕಾಗದ ಹಾಕಿದ್ದೆ. ಬಸ್ಸು ಕೆಟ್ಟು ಹನ್ನೊಂದಾಯಿತು. ಅವರು ಗಡಿಯಾರ ನೋಡಿ, "ಒಂದು ಗಂಟೆ ಲೇಟು" ಎಂದರು.

"ಬರ್ಕೊಳ್ಳಿ ಮೇಷ್ಟ್ರೇ" ಎಂದು ಕಾಲಿಗೆ ಬಿದ್ದೆ. ನನ್ನ ಕಣ್ಣು ತುಂಬಿತ್ತು.